ಬೆರಳಿನ ಗಾಯ ಸಣ್ಣದು, ಆದರೆ ತುದಿ ಮಡಚುವುದಿಲ್ಲ. ಆಪರೇಷನ್ ಬೇಕೇ ಬೇಕಾ?

ನೀವು ಕೇಳಿದ್ದು ಇಷ್ಟು: ಅಮ್ಮನಿಗೆ 52 ವರ್ಷ, ಉಡುಪಿ ಹತ್ತಿರ ಮನೆ, ಬೀಡಿ ಕಟ್ಟುತ್ತಾರೆ. ಐದು ದಿನದ ಹಿಂದೆ ಬಂಗುಡೆ ಕೊಯ್ಯುವಾಗ ಮೆಟ್ಟುಕತ್ತಿ ತಾಗಿ ಎಡಗೈ ತೋರುಬೆರಳಿಗೆ ಗಾಯವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಮೂರು ಹೊಲಿಗೆ ಹಾಕಿ ಕಳಿಸಿದರು. ಈಗ ಬೆರಳಿನ ತುದಿ ಮಡಚಲು ಆಗುವುದಿಲ್ಲ, ಒಂದು ಬದಿ ಮರಗಟ್ಟಿದ ಹಾಗಿದೆ. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದಾಗ ಟೆಂಡನ್ ತುಂಡಾಗಿದೆ, ಆಪರೇಷನ್ ಬೇಕು ಎಂದರು. ಇಷ್ಟು ಸಣ್ಣ ಗಾಯಕ್ಕೆ ಆಪರೇಷನ್ ಯಾಕೆ, ಸ್ವಲ್ಪ ದಿನ ಎಣ್ಣೆ ಹಚ್ಚಿ ನೋಡಬಹುದಾ?

ಆಪರೇಷನ್ ಬೇಕು. ಎಣ್ಣೆ ಹಚ್ಚಿ ಕಾಯಬೇಡಿ, ಈ ವಾರವೇ ಮಾಡಿಸಿ.

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಕೈ, ಮಣಿಕಟ್ಟು, ಮೊಣಕೈ ಆಪರೇಷನ್ ಆದವರೇ ನನ್ನ ಹತ್ತಿರ ಜಾಸ್ತಿ ಬರುವುದು. ಹೊಲಿಯುವುದು ಸರ್ಜನ್ ಕೆಲಸ, ನನ್ನದಲ್ಲ. ಆದರೆ ಹೊಲಿದ ಮೇಲೆ ಮೂರು ತಿಂಗಳು ಆ ಬೆರಳಿನ ಜೊತೆ ಇರುವವರು ನಾವು, ಹಾಗಾಗಿ ಆಪರೇಷನ್ ಬಗ್ಗೆ ಎಷ್ಟು ಹೇಳುತ್ತೇನೋ ಅದಕ್ಕಿಂತ ಜಾಸ್ತಿ ಅದರ ನಂತರದ್ದನ್ನು ಹೇಳುತ್ತೇನೆ.

ಮೊದಲು ಎಣ್ಣೆ ಯಾಕೆ ಸಾಲದು ಅಂತ ನೋಡಿ. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ. ಅವು ಇರುವುದು ಮೊಣಕೈಗೂ ಮಣಿಕಟ್ಟಿಗೂ ನಡುವೆ. ಅಲ್ಲಿಂದ ಟೆಂಡನ್ ಅಂದರೆ ಗಟ್ಟಿ ದಾರದಂಥದ್ದು ಹೊರಟು, ಮಣಿಕಟ್ಟು ದಾಟಿ, ಅಂಗೈಯೊಳಗಿಂದ ಬಂದು ಬೆರಳಿನ ಎಲುಬಿಗೆ ಅಂಟಿಕೊಳ್ಳುತ್ತದೆ. ಬೈಕಿನ ಕ್ಲಚ್ ಕೇಬಲ್ ಹೇಗೆ ಹೊರ ಕವಚದೊಳಗೆ ಜಾರುತ್ತದೋ ಹಾಗೆ ಇದೂ ಬೆರಳಿನಲ್ಲಿ ಒಂದು ಕವಚದೊಳಗೆ ಜಾರುತ್ತದೆ. ಕೇಬಲ್ ತುಂಡಾದರೆ ಹ್ಯಾಂಡಲಿಗೆ ಎಷ್ಟು ಎಣ್ಣೆ ಬಿಟ್ಟರೂ ಕ್ಲಚ್ ಬರುವುದಿಲ್ಲ ಅಲ್ವಾ?

ಹೆಬ್ಬೆರಳು ಬಿಟ್ಟರೆ ಒಂದೊಂದು ಬೆರಳಿಗೆ ಇಂಥ ಟೆಂಡನ್ ಎರಡೆರಡು. ಮೇಲಿನದು ನಡುವಿನ ಗೆಣ್ಣನ್ನು ಮಡಚುತ್ತದೆ, ಒಳಗಿನದು ತುದಿಯ ಗೆಣ್ಣನ್ನು. ಇಲ್ಲೇ ಎಷ್ಟೋ ಜನ ಮೋಸ ಹೋಗುವುದು. ಒಳಗಿನದು ಮಾತ್ರ ತುಂಡಾಗಿ ಮೇಲಿನದು ಉಳಿದಿದ್ದರೆ ಬೆರಳು ಅರ್ಧ ಮಡಚುತ್ತದೆ, ನೋಡುವವರಿಗೆ ಎಲ್ಲ ಸರಿ ಇದೆ ಅನಿಸುತ್ತದೆ. ಅದಕ್ಕೆ ನಡುವಿನ ಗೆಣ್ಣನ್ನು ನೇರವಾಗಿ ಹಿಡಿದುಕೊಂಡು, ತುದಿ ಮಾತ್ರ ಮಡಚಿ ಅಂತ ಹೇಳಿ ನೋಡಬೇಕು. ಅರ್ಧ ನಿಮಿಷದ ಕೆಲಸ. ಚರ್ಮಕ್ಕೆ ಹೊಲಿಗೆ ಹಾಕುವ ಮೊದಲು ಎಲ್ಲ ಕ್ಲಿನಿಕ್ಕಿನಲ್ಲೂ ಇದನ್ನು ಮಾಡಬೇಕು, ಬೆರಳಿನ ಎರಡೂ ಬದಿ ಮುಟ್ಟಿ ಗೊತ್ತಾಗುತ್ತಾ ಅಂತ ಕೇಳಬೇಕು. ನಿಮ್ಮ ಅಮ್ಮನಿಗೆ ಮೊದಲ ದಿನ ಇದನ್ನು ಯಾರೂ ಮಾಡಲಿಲ್ಲ ಅನಿಸುತ್ತದೆ, ನನಗೆ ಅದು ನಿಜವಾಗಲೂ ಬೇಸರದ ವಿಷಯ. ಎಕ್ಸ್‌ರೇಯಲ್ಲಿ ಟೆಂಡನ್ ಕಾಣುವುದಿಲ್ಲ, ಹಾಗಾಗಿ ಎಕ್ಸ್‌ರೇ ನಾರ್ಮಲ್ ಇದೆ ಎಂಬ ಮಾತಿಗೆ ಇಲ್ಲಿ ಅರ್ಥ ಇಲ್ಲ. ಈಗ ಮನೆಯಲ್ಲಿ ನೀವು ಮತ್ತೆ ಮತ್ತೆ ಮಡಚಿಸಿ ನೋಡಬೇಡಿ. ಇನ್ನೊಂದು ಟೆಂಡನ್ ಅರ್ಧ ಕೊಯ್ದಿದ್ದರೆ ಬಲ ಹಾಕಿದಾಗ ಅದೂ ಹೋಗಬಹುದು.

ಇನ್ನು ಅವಸರ ಯಾಕೆ? ತುಂಡಾದ ಟೆಂಡನ್ ಇದ್ದಲ್ಲಿ ಇರುವುದಿಲ್ಲ. ಮಣಿಕಟ್ಟಿನ ಕಡೆಯ ತುಂಡನ್ನು ಸ್ನಾಯು ಎಳೆದುಕೊಂಡು ಅಂಗೈ ತನಕ ಒಯ್ದಿರಬಹುದು. ಮೊದಲ ಒಂದೆರಡು ವಾರದೊಳಗೆ ಆದರೆ ಎರಡು ತುದಿಯನ್ನೂ ತಂದು ಸೇರಿಸಿ ಹೊಲಿಯುವುದು ಸಾಧ್ಯ. ಮೂರು ನಾಲ್ಕು ವಾರ ಕಳೆಯಿತು ಅಂದರೆ ಸ್ನಾಯು ಗಿಡ್ಡ ಆಗುತ್ತದೆ, ಖಾಲಿ ಕವಚ ಒಳಗೊಳಗೇ ಅಂಟಿಕೊಳ್ಳುತ್ತದೆ, ಎಳೆದು ಹೊಲಿದರೂ ಬೆರಳು ಬಾಗಿಯೇ ಉಳಿಯುತ್ತದೆ. ಆಗ ಹೆಚ್ಚಿನವರಿಗೆ ಎರಡು ಆಪರೇಷನ್ ಬೇಕಾಗುತ್ತದೆ. ಮೊದಲನೆಯದರಲ್ಲಿ ಸಿಲಿಕೋನ್ ಕಡ್ಡಿ ಇಟ್ಟು ಹೊಸ ಕವಚ ಬೆಳೆಯಲು ಬಿಡುತ್ತಾರೆ. ಸುಮಾರು ಮೂರು ತಿಂಗಳ ನಂತರ ಕಡ್ಡಿ ತೆಗೆದು, ಬೇರೆ ಕಡೆಯಿಂದ ಟೆಂಡನ್ ತಂದು ಹಾಕುತ್ತಾರೆ. ಹೆಚ್ಚಾಗಿ ಮಣಿಕಟ್ಟಿನದ್ದನ್ನೇ ತೆಗೆಯುವುದು. ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ಸ್ವಲ್ಪ ಮಡಚಿದರೆ ನಡುವೆ ಒಂದು ದಾರ ಎದ್ದು ಕಾಣುತ್ತದೆ ನೋಡಿ, ಅದೇ. ಕೆಲವರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ, ಇಲ್ಲದಿದ್ದರೂ ಕೈ ಕೆಲಸಕ್ಕೆ ಏನೂ ಕಡಿಮೆ ಆಗುವುದಿಲ್ಲ. ಮೇಲಿನ ಟೆಂಡನ್ ಚೆನ್ನಾಗಿದ್ದರೆ ತುದಿಯ ಗೆಣ್ಣನ್ನು ಸ್ವಲ್ಪ ಬಾಗಿಸಿ ಸ್ಥಿರ ಮಾಡಿಬಿಡುವುದೂ ತಡವಾಗಿ ಬಂದವರಿಗೆ ಒಂದು ದಾರಿ. ಆದರೆ ಐದನೇ ದಿನದಲ್ಲಿರುವ ನಿಮಗೆ ಇದೆಲ್ಲ ಬೇಕಿಲ್ಲ. ಸಮಯ ಇನ್ನೂ ನಿಮ್ಮ ಕಡೆ ಇದೆ.

ಅಂಗೈಯಲ್ಲಿ ಬೆರಳುಗಳ ಕಡೆ ಇರುವ ಅಡ್ಡ ಗೆರೆಯಿಂದ ಬೆರಳಿನ ನಡು ಎಲುಬಿನ ಅರ್ಧದ ತನಕ ಇರುವ ಜಾಗ ಇದೆಯಲ್ಲ, ಅಲ್ಲಿ ಎರಡೂ ಟೆಂಡನ್ ಒಂದೇ ಇಕ್ಕಟ್ಟಾದ ಕವಚದೊಳಗೆ ಓಡುತ್ತವೆ. ಅಮೆರಿಕದ ಸರ್ಜನ್ ಸ್ಟರ್ಲಿಂಗ್ ಬನೆಲ್ ಅದನ್ನು ನೋ ಮ್ಯಾನ್ಸ್ ಲ್ಯಾಂಡ್ ಎಂದು ಕರೆದಿದ್ದರು. ಆ ಕಾಲದಲ್ಲಿ ಅಲ್ಲಿ ಹೊಲಿಯುವುದೇ ಬೇಡ, ಚರ್ಮ ಮುಚ್ಚಿ, ಆಮೇಲೆ ಬೇರೆ ಟೆಂಡನ್ ಹಾಕಿ ಎನ್ನುತ್ತಿದ್ದರು, ಯಾಕೆಂದರೆ ಹೊಲಿದದ್ದೆಲ್ಲ ಸುತ್ತಲಿನದಕ್ಕೆ ಅಂಟಿಕೊಂಡು ಬೆರಳು ಮರದ ಹಾಗೆ ಆಗುತ್ತಿತ್ತು. 1967ರಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಜೊತೆಯವರು ಅಲ್ಲಿಯೂ ಮೊದಲೇ ಹೊಲಿದು, ರಬ್ಬರ್ ಬ್ಯಾಂಡ್ ಕಟ್ಟಿ ಬೆರಳನ್ನು ಬೇಗ ಆಡಿಸಿದರೆ ಒಳ್ಳೆಯದಾಗುತ್ತದೆ ಅಂತ ತೋರಿಸಿದರು. ಇವತ್ತಿಗೂ ಮೂಲ ತತ್ವ ಅದೇ: ಗಟ್ಟಿ ಹೊಲಿಗೆ, ಬೇಗ ಚಲನೆ.

ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ ಅಂದರೆ, ಇದ್ದ ಗಾಯವನ್ನು ಅಂಕುಡೊಂಕಾಗಿ ದೊಡ್ಡದು ಮಾಡುತ್ತಾರೆ. ನೋಡಿ ಗಾಬರಿ ಆಗಬೇಡಿ. ಬೆರಳಿನ ಮುಂಭಾಗದಲ್ಲಿ ನೇರ ಗೆರೆ ಎಳೆದರೆ ಗಾಯ ಒಣಗುವಾಗ ಚರ್ಮ ಎಳೆದು ಬೆರಳು ಬಾಗುತ್ತದೆ, ಅದಕ್ಕೆ ಹಾಗೆ. ಕವಚವನ್ನು ಎಲುಬಿಗೆ ಹಿಡಿದಿಡುವ ಕೆಲವು ಪಟ್ಟಿಗಳಿವೆ, ಅವನ್ನು ಆದಷ್ಟು ಉಳಿಸಿಕೊಳ್ಳುತ್ತಾರೆ. ಅವು ಹೋದರೆ ಮಡಚುವಾಗ ಟೆಂಡನ್ ಬಿಲ್ಲಿನ ಹೆದೆಯಂತೆ ಮುಂದಕ್ಕೆ ಎದ್ದು ಬರುತ್ತದೆ, ಬಲವೂ ಹೋಗುತ್ತದೆ. ಟೆಂಡನ್ನಿನ ಒಳಗೆ ನಾಲ್ಕು ಅಥವಾ ಆರು ಎಳೆ ದಾರ ದಾಟಿಸಿ, ಸುತ್ತಲೂ ಇನ್ನೂ ತೆಳ್ಳಗಿನ ದಾರದಲ್ಲಿ ನಯವಾಗಿ ಹೊಲಿಯುತ್ತಾರೆ. ಒಂದು ಬದಿ ಮರಗಟ್ಟಿದೆ ಅಂದಿರಲ್ಲ, ಆ ಬದಿಯ ನರವೂ ಕೊಯ್ದಿರಬಹುದು. ಅದನ್ನೂ ಅದೇ ಸಲ ಮೈಕ್ರೋಸ್ಕೋಪ್ ಅಥವಾ ದೊಡ್ಡದಾಗಿ ತೋರಿಸುವ ಲೂಪ್ ಕನ್ನಡಕ ಇಟ್ಟು ಕೂದಲಿಗಿಂತ ಸಪೂರ ದಾರದಲ್ಲಿ ಸೇರಿಸುತ್ತಾರೆ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುವುದು. ಹಾಗಾಗಿ ಸ್ಪರ್ಶ ಬರಲು ತಿಂಗಳುಗಟ್ಟಲೆ ಬೇಕು, ಮೊದಲಿನಷ್ಟೇ ಬಂದೇ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಬೀಡಿ ಎಲೆ ಸುತ್ತುವ ಬೆರಳಿಗೆ ಇದು ಸಣ್ಣ ವಿಷಯ ಅಲ್ಲ, ಆದ್ದರಿಂದ ನರದ ಬಗ್ಗೆ ಸರ್ಜನ್ ಹತ್ತಿರ ಬಾಯಿಬಿಟ್ಟು ಕೇಳಿ.

ಕೈ ಮಾತ್ರ ಮರಗಟ್ಟಿಸಿ ಮಾಡುವುದೇ ಜಾಸ್ತಿ. ಕೆಲವು ಸರ್ಜನ್‌ಗಳು ಬೆರಳಿಗೆ ಮಾತ್ರ ಇಂಜೆಕ್ಷನ್ ಕೊಟ್ಟು, ತೋಳಿಗೆ ಪಟ್ಟಿ ಬಿಗಿಯದೆ, ಎಚ್ಚರ ಇರುವಾಗಲೇ ಮಾಡುತ್ತಾರೆ. ಕೆನಡಾದ ಡೊನಾಲ್ಡ್ ಲಲೋಂಡ್ ಎಂಬ ಸರ್ಜನ್ ಇದನ್ನು ಜಗತ್ತಿಗೆಲ್ಲ ಪರಿಚಯಿಸಿದರು, ವಾಲಾಂಟ್ ಅಂತ ಹೆಸರು. ರಕ್ತ ಹರಿಯುವುದನ್ನು ತಗ್ಗಿಸುವ ಅಡ್ರಿನಲಿನ್ ಸೇರಿಸಿದ ಇಂಜೆಕ್ಷನ್ ಬೆರಳಿಗೆ ಕೊಟ್ಟರೆ ಬೆರಳೇ ಕೊಳೆಯುತ್ತದೆ ಅಂತ ಹಿಂದೆ ಕಲಿಸುತ್ತಿದ್ದರು, ಅದು ಸರಿಯಲ್ಲ ಅಂತ ಈಗ ಗೊತ್ತಾಗಿದೆ. ಇದರ ದೊಡ್ಡ ಲಾಭ ಅಂದರೆ, ಹೊಲಿದ ಕೂಡಲೇ ಟೇಬಲ್ ಮೇಲೆಯೇ ಬೆರಳು ಮಡಚಿ ಅಂತ ಹೇಳಿ, ಹೊಲಿಗೆ ಬಿಡುತ್ತದಾ, ಎಲ್ಲಾದರೂ ಸಿಕ್ಕಿಕೊಳ್ಳುತ್ತದಾ ನೋಡಿ ಅಲ್ಲೇ ಸರಿಮಾಡಬಹುದು. ನಿಮ್ಮ ಸರ್ಜನ್ ಬೇರೆ ರೀತಿ ಮಾಡಿದರೂ ತೊಂದರೆ ಇಲ್ಲ. ಅವರ ಕೈ ಪಳಗಿದ ವಿಧಾನವೇ ನಿಮಗೆ ಒಳ್ಳೆಯದು.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯ. ನೀವು ಆಪರೇಷನ್ ಬೇಕಾ ಅಂತ ಕೇಳಿದ್ದೀರಿ. ನಾನು ನಿಮ್ಮನ್ನು ಕೇಳುವುದು, ಮುಂದಿನ ಮೂರು ತಿಂಗಳು ಅಮ್ಮನ ಕೆಲಸ ಯಾರು ಮಾಡುತ್ತೀರಿ? ಇದನ್ನು ಮನೆಯವರೆಲ್ಲ ಕೂತು ಈಗಲೇ ತೀರ್ಮಾನ ಮಾಡಿ. ಚೆನ್ನಾಗಿ ಹೊಲಿದ ಟೆಂಡನ್ ಮತ್ತೆ ಕಿತ್ತುಹೋಗುವುದು ಹೆಚ್ಚಾಗಿ ಮೊದಲ ಕೆಲವು ವಾರದಲ್ಲಿ. ಹೊಲಿದ ತುದಿಗಳು ಗಟ್ಟಿಯಾಗುವ ಮೊದಲು ಸ್ವಲ್ಪ ದಿನ ಇನ್ನಷ್ಟು ಮೆತ್ತಗಾಗುತ್ತವೆ. ಅದೇ ಹೊತ್ತಿಗೆ ನೋವು ಕಡಿಮೆಯಾಗಿರುತ್ತದೆ. ಮನೆಯ ಹೆಂಗಸರು ಸುಮ್ನೆ ಕೂತು ಗೊತ್ತಿಲ್ಲದವರು. ಒಂದು ಕೊಡಪಾನ ಎತ್ತುತ್ತಾರೆ, ಬಟ್ಟೆ ಹಿಂಡುತ್ತಾರೆ, ಒಂದು ತೆಂಗಿನಕಾಯಿ ಅಲ್ವಾ ಅಂತ ತುರಿಯಲು ಕೂರುತ್ತಾರೆ. ಎಡಗೈ ತಾನೇ, ಬಲಗೈಯಲ್ಲಿ ಮಾಡುತ್ತೇನೆ ಅಂತ ಶುರು ಮಾಡಿದರೂ ಎಡಗೈ ತಾನಾಗಿ ಹಿಡಿಯಲು ಹೋಗುತ್ತದೆ. ಆಗ ಹೊಲಿಗೆ ಕಿತ್ತುಬರುತ್ತದೆ. ಅವರಿಗೆ ಬೈದು ಪ್ರಯೋಜನ ಇಲ್ಲ, ಕೆಲಸ ಬಾಕಿ ಇದ್ದರೆ ಅವರು ಮಾಡಿಯೇ ಮಾಡುತ್ತಾರೆ. ಕೆಲಸ ಬಾಕಿ ಇರದ ಹಾಗೆ ನೋಡಿಕೊಳ್ಳಬೇಕಾದದ್ದು ನೀವು.

ಹಾಗಂತ ಕೈ ಅಲ್ಲಾಡಿಸದೆ ಇಡುವುದೂ ತಪ್ಪು. ಆಪರೇಷನ್ ಆದ ಮೂರರಿಂದ ಐದನೇ ದಿನದೊಳಗೆ ಬೆರಳು ಆಡಿಸಲು ಶುರು ಮಾಡಿಸುತ್ತೇವೆ. ಕೈಯ ಹಿಂಬದಿಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಇರುತ್ತದೆ, ಅದು ಬೆರಳನ್ನು ಪೂರ್ತಿ ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಅದರೊಳಗೆ ಮೊದಲು ಇನ್ನೊಂದು ಕೈಯಿಂದ ಮೆಲ್ಲ ಮಡಚಿ, ಆಮೇಲೆ ತಾನಾಗಿ ಸ್ವಲ್ಪ ಮಡಚಬೇಕು. ಗಂಟೆಗೊಮ್ಮೆ, ಬಲ ಹಾಕದೆ. ಎಷ್ಟು ಮಡಚಬೇಕು ಅನ್ನುವುದು ಹೊಲಿಗೆಯ ಗಟ್ಟಿತನದ ಮೇಲೆ ಹೋಗುತ್ತದೆ, ಅದನ್ನು ಸರ್ಜನ್ ನಮಗೆ ಹೇಳುತ್ತಾರೆ. ಯೂಟ್ಯೂಬ್ ನೋಡಿ ಮಾಡಿಸಬೇಡಿ ಮಾರಾಯ್ರೆ, ಅಲ್ಲಿ ಇರುವುದು ಬೇರೆಯವರ ಬೆರಳು. ಸ್ಪ್ಲಿಂಟ್ ಸುಮಾರು ಆರು ವಾರ, ಸ್ನಾನಕ್ಕೂ ತೆಗೆಯುವ ಹಾಗಿಲ್ಲ. ಎಂಟು ವಾರದ ನಂತರ ಮೆಲ್ಲ ಬಲದ ವ್ಯಾಯಾಮ, ಭಾರದ ಕೆಲಸ ಹನ್ನೆರಡು ವಾರದ ಮೇಲೆ. ಬೀಡಿ ಕಟ್ಟಲು ಯಾವಾಗ ಶುರು ಮಾಡಬಹುದು ಅಂತ ಥೆರಪಿಸ್ಟ್ ಹತ್ತಿರ ಕೇಳಿ, ಸಾಧ್ಯವಾದರೆ ಎಲೆ, ಕತ್ತರಿ ತೆಗೆದುಕೊಂಡು ಹೋಗಿ ಕಟ್ಟುವುದು ಹೇಗೆ ಅಂತ ತೋರಿಸಿ. ಅವರ ಬೆರಳಿಗೆ ಯಾವ ಚಲನೆ ಮುಖ್ಯ ಅಂತ ಆಗ ನಮಗೆ ಸರಿಯಾಗಿ ಗೊತ್ತಾಗುತ್ತದೆ.

ಸ್ಪ್ಲಿಂಟ್ ಇರುವಾಗ ಜನ ಕೈಯನ್ನು ಜೋಲಿಯಲ್ಲಿ ಹಾಕಿ ಎದೆಗೆ ಒತ್ತಿ ಹಿಡಿದು ವಾರಗಟ್ಟಲೆ ಕೂರುತ್ತಾರೆ. ಬೆರಳು ಸರಿಯಾಗುವಾಗ ಮೊಣಕೈ, ಭುಜ ಹಿಡಿದುಕೊಂಡಿರುತ್ತದೆ. ದಿನಕ್ಕೆ ನಾಲ್ಕೈದು ಸಲ ಮೊಣಕೈ ಮಡಚಿ ಬಿಡಿಸಲಿ, ಕೈ ತಲೆಯ ಮೇಲೆ ಎತ್ತಲಿ. ಮಲಗುವಾಗ ಕೈ ದಿಂಬಿನ ಮೇಲೆ ಎತ್ತರದಲ್ಲಿ ಇರಲಿ.

ಎಣ್ಣೆಯ ಮಾತು ಬಂತಲ್ಲ, ಮೊಣಕೈ ಬಗ್ಗೆ ಒಂದು ಹೇಳಿಬಿಡುತ್ತೇನೆ, ನಮ್ಮ ಊರಿನಲ್ಲಿ ಇದು ತುಂಬಾ ಬೇಕಾದ ವಿಷಯ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಮೊಣಕೈ ಮುರಿದವರು, ಕೀಲು ತಪ್ಪಿದವರು ಬಿಗಿ ಬಿಡಲಿ ಅಂತ ಜೋರಾಗಿ ಎಣ್ಣೆ ತಿಕ್ಕಿಸಿ ಎಳೆಸಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಸ್ನಾಯುವಿನೊಳಗೇ ಎಲುಬು ಬೆಳೆಯುವ ಅಪಾಯ ಇದೆ, ಆಮೇಲೆ ಮೊಣಕೈ ಶಾಶ್ವತವಾಗಿ ಸಿಕ್ಕಿಕೊಳ್ಳಬಹುದು. ಮೊಣಕೈಯನ್ನು ಅವರೇ ತಮ್ಮ ಬಲದಿಂದ ಆಡಿಸಬೇಕು, ಬೇರೆಯವರು ಎಳೆಯಬಾರದು.

ಫಲಿತಾಂಶದ ಬಗ್ಗೆ ಸುಳ್ಳು ಭರವಸೆ ಕೊಡುವುದಿಲ್ಲ. ಸರಿಯಾದ ಸಮಯಕ್ಕೆ ಹೊಲಿದು, ವ್ಯಾಯಾಮ ಮಾಡಿದವರ ಬೆರಳು ಕೆಲಸಕ್ಕೆ ಬರುವಷ್ಟು ಚೆನ್ನಾಗಿ ಮಡಚುತ್ತದೆ. ಕೆಲವರಿಗೆ ಪೂರ್ತಿ ಮುಷ್ಟಿ ಆಗುವುದಿಲ್ಲ. ಟೆಂಡನ್ ಅಂಟಿಕೊಂಡರೆ ಕೆಲವು ತಿಂಗಳ ನಂತರ ಅದನ್ನು ಬಿಡಿಸುವ ಇನ್ನೊಂದು ಆಪರೇಷನ್ ಬೇಕಾಗಬಹುದು.

ಇನ್ನೊಂದು, ಇದು ಮೀನು ಕೊಯ್ಯುವಾಗ ಆದ ಗಾಯ ಅಂತ ಡಾಕ್ಟರಿಗೆ ಹೇಳಿ, ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಿ. ಮೀನು, ನೀರಿನ ಗಾಯದಲ್ಲಿ ಮೈಕೋಬ್ಯಾಕ್ಟೀರಿಯಂ ಮರೀನಂ ಎಂಬ ಸೋಂಕು ವಾರಗಳ ನಂತರ ಗಂಟಿನ ಹಾಗೆ ಕಾಣಿಸಿಕೊಳ್ಳುವುದುಂಟು, ಮಾಮೂಲಿ ಮದ್ದಿಗೆ ಅದು ಜಗ್ಗುವುದಿಲ್ಲ. ಅದಕ್ಕಿಂತ ತುರ್ತು ಯಾವುದು ಅಂದರೆ, ಬೆರಳು ಇಡೀ ಊದಿಕೊಂಡು, ಬಾಗಿಯೇ ನಿಂತು, ಸ್ವಲ್ಪ ನೇರ ಮಾಡಿದರೂ ಜೀವ ಹೋಗುವ ಹಾಗೆ ನೋವಾದರೆ ಕವಚದೊಳಗೆ ಕೀವು ತುಂಬಿರಬಹುದು. ರಾತ್ರಿ ಎರಡು ಗಂಟೆಯಾದರೂ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ತಡಮಾಡುವವರಲ್ಲಿ ಎಷ್ಟೋ ಜನರಿಗೆ ಅದೇ ಕಾರಣ. ಬಿಪಿಎಲ್ ಕಾರ್ಡ್, ಆಧಾರ್, ಬೀಡಿ ಕಾರ್ಮಿಕರ ಕಾರ್ಡ್ ಇದ್ದರೆ ಅದನ್ನೂ ಹಿಡಿದುಕೊಂಡು ಹೋಗಿ, ಆಯುಷ್ಮಾನ್ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯಲ್ಲಿ ಆ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಅಡ್ಮಿಟ್ ಆಗುವ ಮೊದಲೇ ಕೇಳಿ. ನಿಮಗೆ ಮಣಿಪಾಲ ಹತ್ತಿರ, ಈ ಕಡೆ ಬರುವುದಾದರೆ ಮಂಗಳೂರಿನಲ್ಲಿ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಇದೆ. ಎಲ್ಲಿಗೆ ಹೋದರೂ ಕೇಳಬೇಕಾದದ್ದು ಮೂರು: ಇಲ್ಲಿ ಬೆರಳಿನ ಟೆಂಡನ್ ಯಾವಾಗಲೂ ಹೊಲಿಯುವವರು ಯಾರು, ಆರ್ಥೋದವರಾ ಪ್ಲಾಸ್ಟಿಕ್ ಸರ್ಜರಿಯವರಾ? ನರ ಕೊಯ್ದಿದ್ದರೆ ಅದೂ ಒಟ್ಟಿಗೇ ಆಗುತ್ತದಾ? ಸ್ಪ್ಲಿಂಟ್ ಮಾಡಿ ವ್ಯಾಯಾಮ ಕಲಿಸುವವರು ಇಲ್ಲೇ ಇದ್ದಾರಾ, ಯಾವ ದಿನದಿಂದ ಶುರು? ಮೂರನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆಪರೇಷನ್ನಿಗೆ ಮೊದಲೇ ಬೇರೆ ಕಡೆ ಥೆರಪಿಸ್ಟನ್ನು ಗೊತ್ತು ಮಾಡಿಟ್ಟುಕೊಳ್ಳಿ. ಆ ಕೈಯ ಬಳೆ, ಉಂಗುರ ಇವತ್ತೇ ತೆಗೆಸಿ, ಊದಿಕೊಂಡರೆ ಆಮೇಲೆ ಕತ್ತರಿಸಬೇಕಾಗುತ್ತದೆ. ದಿನ ಗೊತ್ತಾದ ಮೇಲೆ ಏನಾದರೂ ಸಂಶಯ ಇದ್ದರೆ ಇಲ್ಲೇ ಬರೆಯಿರಿ, ನೋಡಿ ಉತ್ತರ ಕೊಡುತ್ತೇನೆ.