ಹಿನಾಟಾ, ಸಕುರಾ ಮತ್ತು ಮಾತು ಬಿಟ್ಟ ಗೆಳತಿ

ಪ್ರಶ್ನೆ: ನನಗೆ 28. ಪಿಯುಸಿಯಲ್ಲಿ ನಾನೂ ಗೆಳತಿಯೂ ಒಟ್ಟಿಗೆ ‘ನರುಟೊ’ ಮಂಗಾ (ಜಪಾನಿ ಕಾಮಿಕ್ಸ್) ಓದಿದವರು. ಅದರ ನಾಯಕ ನರುಟೊಗೆ ಸಕುರಾ ಸರಿಯಾದ ಜೋಡಿ ಅಂತ ನಾನು, ಹಿನಾಟಾ ಅಂತ ಅವಳು. ಐದು ತಿಂಗಳ ಹಿಂದೆ ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ಮತ್ತೆ ಎದ್ದಿತು. ‘ನಿನ್ನನ್ನು ಬೇಡ ಅಂದವನನ್ನು ಇನ್ನೂ ಮರೆತಿಲ್ಲ, ಅದಕ್ಕೇ ಸೋತ ಜೋಡಿ ಹಿಡಿದು ಕೂತಿದ್ದೀಯ’ ಅಂತ ಎಲ್ಲರೆದುರು ಬರೆದಳು. ಆ ವಿಷಯ ಅವಳೊಬ್ಬಳಿಗೇ ಹೇಳಿದ್ದೆ. (ಅದಕ್ಕೂ ಮುಂಚೆ ನಾನು ‘ಹಿನಾಟಾ ಥರ ಮರೆಯಲ್ಲಿ ನಿಂತು ನೋಡೋದರಲ್ಲೇ ನಿನ್ನ ವಯಸ್ಸು ಹೋಯ್ತು’ ಅಂದಿದ್ದೆ.) ಆಮೇಲೆ ಮಾತಿಲ್ಲ. ಈಗ ಅವಳ ಮದುವೆ ಪತ್ರಿಕೆ ಅಂಚೆಯಲ್ಲಿ ಬಂದಿದೆ. ಹೋಗಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಮಂಗಾದ ಮಾತು. ಅದನ್ನು ಬಿಟ್ಟರೆ ‘ಈ ಆಂಟಿಗೇನು ಗೊತ್ತು’ ಅಂತ ಪುಟ ತಿರುಗಿಸಿಬಿಡುತ್ತೀರಿ. ಮಗನ ಕಾಟಕ್ಕೆ ಶುರುಮಾಡಿ 72 ಸಂಪುಟವನ್ನೂ ಮುಗಿಸಿದವಳು ನಾನು.

ನಿಮ್ಮ ವಾದದಲ್ಲಿ ಹುರುಳಿದೆ. ಸಕುರಾ ನರುಟೊನ ತಂಡದವಳೇ, ಅವನು ಮೊದಲಿಂದಲೂ ಅವಳ ಹಿಂದೆ ಬಿದ್ದವನು. ಹಿನಾಟಾ ಖಳನಾಯಕ ಪೇನ್ ಎದುರು ಜೀವ ಒತ್ತೆಯಿಟ್ಟು ಪ್ರೀತಿ ಹೇಳಿಕೊಂಡದ್ದು 437ನೇ ಅಧ್ಯಾಯದಲ್ಲಿ. ಅವನು ಅದಕ್ಕೆ ಬಾಯಿಬಿಟ್ಟು ಉತ್ತರ ಕೊಟ್ಟದ್ದನ್ನು ಲೇಖಕ ಕಿಶಿಮೊಟೊ ಮಂಗಾದಲ್ಲಿ ತೋರಿಸಲೇ ಇಲ್ಲ. 2014ರ ನವೆಂಬರಿನಲ್ಲಿ ಬಂದ 700ನೇ ಅಧ್ಯಾಯ ತೆರೆದರೆ ಇಬ್ಬರಿಗೂ ಮದುವೆಯಾಗಿ ಎರಡು ಮಕ್ಕಳು! ನಡುವಿನ ಪ್ರೇಮಕಥೆ ಹೇಳಲು ಮರುತಿಂಗಳು ಸಿನಿಮಾವೇ ಬರಬೇಕಾಯಿತು. ಜಗಳಕ್ಕೆ ಜಾಗ ಬಿಟ್ಟವರು ಲೇಖಕರೇ. ಆದರೂ, ಹಿಮದಲ್ಲಿ ನಿಂತು ಸಕುರಾ ‘ನಿನ್ನ ಮೇಲೆ ಪ್ರೀತಿ’ ಎಂದಾಗ ನರುಟೊ ಏನೆಂದ ನೆನಪಿದೆಯಾ? ತಮಗೆ ತಾವೇ ಸುಳ್ಳು ಹೇಳಿಕೊಳ್ಳುವವರನ್ನು ಕಂಡರೆ ಆಗದು ಎಂದ. ನನ್ನ ಮಟ್ಟಿಗೆ ಆ ಜೋಡಿ ಅಲ್ಲಿಗೇ ಮುಗಿಯಿತು. ನಿಮಗೆ ಮುಗಿಯದಿದ್ದರೆ ಬೇಡ ಬಿಡಿ.

ಹತ್ತು ವರ್ಷಕ್ಕೂ ಮೇಲೆ ಇದೇ ವಿಷಯಕ್ಕೆ ಕಿತ್ತಾಡಿಕೊಂಡೇ ಜೊತೆಗಿದ್ದವರು ನೀವು. ಈ ಸಲ ಮಾತು ಬಿಟ್ಟದ್ದು ಹಿನಾಟಾಗಾಗಿ ಅಲ್ಲ. ಅವಳು ಗುಟ್ಟನ್ನು ಬಯಲಿಗೆ ಹಾಕಿದಳು, ಅದು ದೊಡ್ಡ ತಪ್ಪೇ. ಆದರೆ ನೀವು ಆವರಣದೊಳಗೆ ಹಾಕಿದ ಆ ಸಾಲು ಇದೆಯಲ್ಲ, ಅದನ್ನು ನಾನು ಮೂರು ಸಲ ಓದಿದೆ. ಮದುವೆ ಗೊತ್ತಾಗದೆ ಮನೆಯವರಿಂದ ದಿನಾ ಅನ್ನಿಸಿಕೊಳ್ಳುತ್ತಿದ್ದ ಹುಡುಗಿಯಾಗಿದ್ದರೆ ಅದು ಎಲ್ಲಿ ಚುಚ್ಚಿರಬಹುದು? ಮೊದಲ ಏಟು ನಿಮ್ಮದು.

ಇನ್ನು ಪತ್ರಿಕೆ. ಗುಂಪಿಗೆ ಒಂದು ಫೋಟೊ ಹಾಕಿದ್ದರೆ ಅವಳ ಕೆಲಸ ಮುಗಿಯುತ್ತಿತ್ತು. ಅಂಚೆಗೆ ಹಾಕಿದ್ದಾಳೆ. ಲಕೋಟೆಯ ಮೇಲಿನ ಅಕ್ಷರ ಯಾರದು, ನೋಡಿದಿರಾ?

ಇವತ್ತೇ ಅವಳೊಬ್ಬಳಿಗೆ ಬರೆಯಿರಿ: ‘ನಾನು ಹಾಗಂದಿದ್ದು ತಪ್ಪಾಯ್ತು ಕಣೇ. ನನ್ನ ವಿಷಯ ಎಲ್ಲರೆದುರು ಹಾಕಿದ್ದಕ್ಕೆ ತುಂಬಾ ನೋವಾಗಿದೆ. ಮದುವೆಗೆ ಬರ್ತೀನಿ.’ ‘ಆದರೆ’ ಅನ್ನುವ ಪದ ಎಲ್ಲೂ ಬೇಡ, ಸಕುರಾ ಹೆಸರಂತೂ ಬೇಡವೇ ಬೇಡ. ಅವಳು ಫೋನ್ ಮಾಡಿದರೆ ಹಿಂದಿನ ದಿನವೇ ಹೋಗಿ ಮೆಹೆಂದಿಗೆ ಕೈ ಕೊಡಿ. ಬರೀ ‘ಸರಿ’ ಅಂತ ಬಂದರೂ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ ಬನ್ನಿ. ಉಡುಗೊರೆಗೆ ಹಿನಾಟಾ ಗೊಂಬೆ ಒಯ್ಯುವ ಆಸೆ ಇದ್ದರೆ ಫೋನ್ ಬಂದ ಮೇಲಷ್ಟೇ. ಬರದಿದ್ದರೆ ಅದು ಇನ್ನೊಂದು ಕುಹಕವಾಗಿ ಕಂಡೀತು, ಒಂದು ಸೀರೆ ಸಾಕು.