ಸಿಗರೇಟಿಗೆ ಹೆದರಿ ಹಾಲು ಬಿಡಿಸಬೇಡಿ

ಬಾಣಂತಿ ಸಿಗರೇಟು ಸೇದುತ್ತಾಳೆ ಅಂದರೆ ನಮ್ಮ ಕಡೆ ಯಾರೂ ನಂಬೋದಿಲ್ಲ. ನನ್ನ ಹತ್ತಿರ ಮಾತ್ರ ಇಂಥವರು ಬರುತ್ತಲೇ ಇದ್ದಾರೆ. ಒಬ್ಬಳ ವಿಷಯ ಬರೆಯುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಬೆಂಗಳೂರಲ್ಲಿ ಕೆಲಸ, ಹುಬ್ಬಳ್ಳಿ ತವರು, ಚೊಚ್ಚಲ ಬಾಣಂತನ. ಬಸುರಿಯಿದ್ದಾಗ ಬಿಟ್ಟಿದ್ದ ಸಿಗರೇಟು ಹೆರಿಗೆಯಾದ ಮೇಲೆ ಮತ್ತೆ ಅಂಟಿಕೊಂಡಿತ್ತು. "ಮೂರು ದಿನಾತು, ಕೂಸಿಗೆ ಹಾಲು ಕುಡಸವಲ್ಲಳ್ರೀ" ಅಂತ ತಾಯಿ ಕರೆತಂದಿದ್ದರು. ಕೂಸನ್ನು ಕೊಟ್ಟು ಅವರನ್ನು ಹೊರಗೆ ಕೂರಿಸಿದ ಮೇಲೆಯೇ ಮಗಳು ಬಾಯಿಬಿಟ್ಟಳು.

"ಸಂಜಿಮುಂದ ಅವ್ವ ಕೂಸಿಗೆ ಲೋಬಾನ ಹಾಕ್ತಾಳ್ರೀ. ಆವಾಗ ಮಾಳಗಿ ಮ್ಯಾಲೆ ಹೋಗಿ ಸೇದಿ ಬರ್ತೀನಿ. ಆ ಹೊಗಿಯೊಳಗ ನನ್ನ ವಾಸನಿ ಗೊತ್ತಾಗೂದಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ವಿಷ ಕುಡಸೂದಕಿಂತ ಡಬ್ಬಿ ಹಾಲು ಚಲೋ ಅಲ್ಲೇನ್ರೀ ಮೇಡಮ್ಮಾರ?"

ಅಷ್ಟರಲ್ಲಿ ಹೊರಗೆ ಕೂಸು ಅತ್ತಿತು. ಇವಳ ಕುರ್ತಾ ಎದೆಯ ಹತ್ತಿರ ಒದ್ದೆಯಾಯಿತು. ದುಪಟ್ಟಾ ಎಳೆದುಕೊಂಡಳು.

ಹಾಲು ಬಿಡಿಸಬೇಡ, ಈಗಲೇ ಕುಡಿಸು ಅಂದೆ. ನಿಕೋಟಿನ್ ಎದೆಹಾಲಿಗೆ ಇಳಿಯೋದು ನಿಜ, ರಕ್ತಕ್ಕಿಂತ ಹಾಲಲ್ಲೇ ಜಾಸ್ತಿ. ಆದರೆ ಸುಮಾರು 2 ಗಂಟೆಯಲ್ಲಿ ಹಾಲಲ್ಲಿರೋ ನಿಕೋಟಿನ್ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಡಬ್ಬಿ ಹಾಲು ಕುಡಿದ ಮಾತ್ರಕ್ಕೆ ತಾಯಿಯ ಬಟ್ಟೆಗೆ ಹತ್ತಿದ ಹೊಗೆ ಕೂಸಿಗೆ ತಪ್ಪೋದಿಲ್ಲ. ಆ ಹೊಗೆಯಿಂದ ಬರೋ ಕಫ, ಕಿವಿನೋವಿಗೆ ತಡೆ ಎದೆಹಾಲೇ. ಅದನ್ನೂ ತಪ್ಪಿಸಿದರೆ ಕೂಸಿಗೆ ಉಳಿಯೋದೇನು?

ಇದು ಸೇದೋಕೆ ಪರವಾನಗಿ ಕೊಟ್ಟಂಗಲ್ವಾ ಅಂತ ಜೊತೆಯವರೊಬ್ಬರು ತಕರಾರು ತೆಗೆದರು. ಅಲ್ಲ. ಬಿಡಲೇಬೇಕು ಅಂದೆ, ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿಗೆ (1800-11-2356) ನನ್ನೆದುರೇ ಫೋನ್ ಮಾಡಿಸಿದೆ. ಸಿಗರೇಟಿನಿಂದ ಹಾಲೂ ಕಮ್ಮಿಯಾಗುತ್ತದೆ ಅಂತಲೂ ಹೇಳಿದೆ. ಬೈದು ಕಳಿಸಿದ್ದರೆ ಮತ್ತೆ ಬರುತ್ತಿರಲಿಲ್ಲ, ಅಷ್ಟೇ.

ಬಿಡೋತನಕ ಏನು ಮಾಡಬೇಕು? ಮೊದಲು ಕುಡಿಸಬೇಕು, ಸೇದೋದು ಆಮೇಲೆ. ಮನೆಯೊಳಗಂತೂ ಬೇಡವೇ ಬೇಡ. ಬಟ್ಟೆ ಬದಲಿಸಿ, ಕೈ-ಬಾಯಿ ತೊಳೆದು ಕೂಸನ್ನು ಎತ್ತಿಕೊಳ್ಳಬೇಕು. ಮುಖ್ಯವಾಗಿ, ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬಾರದು. ಸೇದುವವರ ಹಾಸಿಗೆಯಲ್ಲಿ ಮಲಗೋ ಕೂಸು ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳುವ ಅಪಾಯ ಜಾಸ್ತಿ. ಅದೇ ಕೋಣೆಯಲ್ಲಿ ತೊಟ್ಟಿಲು ಇರಲಿ. ಲೋಬಾನವೂ ಬೇಡ ಅಂದೆ, ಅದೂ ಹೊಗೆಯೇ. (ಅಜ್ಜಿಯಂದಿರು ನನ್ನ ಮೇಲೆ ಸಿಟ್ಟಾಗೋದು ಇಲ್ಲೇ.)

ಎಲೆ-ಅಡಿಕೆ ಜೊತೆ ತಂಬಾಕು ಹಾಕಿಕೊಳ್ಳೋ ಬಾಣಂತಿಯರೂ ಕೇಳಿ. ಹೊಗೆ ಇಲ್ಲ ಅಂತ ನಿಕೋಟಿನ್ ಹಾಲಿಗೆ ಬರದೇ ಇರೋದಿಲ್ಲ.

ಅವಳು ಈಗ ಹಾಲು ಕುಡಿಸುತ್ತಿದ್ದಾಳೆ. ಸಿಗರೇಟು ಪೂರ್ತಿ ಬಿಟ್ಟಿಲ್ಲ, ಕಮ್ಮಿ ಮಾಡಿದ್ದಾಳೆ. ಗಂಡನೂ ಸೇದುತ್ತಾನಂತೆ. ಕರೆದುಕೊಂಡು ಬಾ ಅಂದಿದ್ದೇನೆ, ಆತ ಇನ್ನೂ ಬಂದಿಲ್ಲ.