ಪ್ರೀತಿಗೆ ಎಷ್ಟು ಪುಟ, ನೀರಿಗೆ ಎಷ್ಟು ಪುಟ?

ನೀವು ಹದಿಹರೆಯದವರಿಗೆ ಬರೆಯುತ್ತಿರುವ ಕಥೆಯಲ್ಲಿ ಮುಂದೊಂದು ಕಾಲದ ಬೆಂಗಳೂರು, ನೀರಿಗೆ ರೇಷನ್, ನಡುವೆ ಪಿಯು ಓದುವ ಹುಡುಗ ಹುಡುಗಿಯ ಪ್ರೀತಿ. ಪ್ರೀತಿ ಜಾಸ್ತಿಯಾದರೆ ಸಮಾಜದ ವಿಷಯ ಮುಳುಗುತ್ತದೆ, ಕಡಿಮೆಯಾದರೆ ಮಕ್ಕಳು ಓದುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಇದೇ ಊರಲ್ಲಿ ಕೂತು ಆ ವಯಸ್ಸಿನವರಿಗೆ ಕಥೆ ಬರೆಯುತ್ತೇನೆ. ಅಳೆದು ತೂಗುವುದನ್ನೇ ಬಿಡಿ ಅನ್ನುತ್ತೇನೆ. ಆಳುವವರ ನಿಯಮ ಆ ಇಬ್ಬರ ಮಧ್ಯೆಯೇ ಬಂದು ನಿಲ್ಲಬೇಕು. 2008ರ 'ದಿ ಹಂಗರ್ ಗೇಮ್ಸ್' ಕಾದಂಬರಿ ನೋಡಿ. ಅದರಲ್ಲಿ ಆಳುವವರು ಹುಡುಗ ಹುಡುಗಿಯರನ್ನು ಸಾಯುವ ತನಕ ಹೊಡೆದಾಡಿಸಿ ಟೀವಿಯಲ್ಲಿ ತೋರಿಸುತ್ತಾರೆ. ಆ ಆಟದಲ್ಲಿ ಗಾಯಗೊಂಡ ಹುಡುಗ ಪೀಟಾಗೆ ನಾಯಕಿ ಕ್ಯಾಟ್ನಿಸ್ ಮುತ್ತು ಕೊಟ್ಟ ಮೇಲೆ ಹೊರಗಿನಿಂದ ಬಿಸಿ ಸೂಪ್ ಬರುತ್ತದೆ. ಇನ್ನೂ ಬೇಕಾದರೆ ಕ್ಯಾಮೆರಾ ಮುಂದೆ ಇನ್ನೂ ಪ್ರೀತಿ ತೋರಿಸಬೇಕು ಅಂತ ಅವಳಿಗೆ ಗೊತ್ತಾಗುತ್ತದೆ. ಆ ಮುತ್ತನ್ನು ತೆಗೆದುಹಾಕಿದರೆ ಟೀವಿ ತಮಾಷೆಯ ಮೇಲಿನ ಟೀಕೆಯೂ ಹೋಯ್ತು, ಅಲ್ವಾ?

ನಿಮಗಂತೂ ಸರಕು ಹುಡುಕಬೇಕಾಗಿಯೇ ಇಲ್ಲ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಅದನ್ನೇ ಸ್ವಲ್ಪ ಮುಂದಕ್ಕೆ ತಳ್ಳಿ. ನಮ್ಮ ಪಾಲಿನ ನೀರನ್ನು ಬೇರೆ ವಾರ್ಡಿನವರಿಗೆ ಕೊಟ್ಟರೆ ಜೈಲು. ಹುಡುಗಿಯ ಅಪ್ಪನದು ಟ್ಯಾಂಕರ್ ವ್ಯವಹಾರ. ಹುಡುಗನ ಬೀದಿಯ ಬೋರ್‌ವೆಲ್ ಬತ್ತಿದೆ. ಅವಳು ಕಾಲೇಜ್ ಬ್ಯಾಗಿನಲ್ಲಿ, ರೆಕಾರ್ಡ್ ಬುಕ್ಕಿನ ಹಿಂದೆ, ಎರಡು ಲೀಟರಿನ ಬಾಟಲಿ ಬಚ್ಚಿಟ್ಟು ತರುತ್ತಾಳೆ. ಅವನು ಮುಟ್ಟುವುದಿಲ್ಲ. "ನಿಮ್ಮಪ್ಪ ಇದೇ ನೀರನ್ನ ನಮ್ಮಮ್ಮಂಗೆ ಮಾರ್ತಾರೆ ಕಣೇ." ಇಲ್ಲಿ ಜಗಳವಾಗಲಿ. ಅವಳಿಗೆ ಅವಮಾನ, ಅವನಿಗೆ ಸಿಟ್ಟು, ಬಾಯಾರಿಕೆ ಬೇರೆ. ಇದರ ಮೇಲೆ 'ಈ ವ್ಯವಸ್ಥೆ ಸರಿಯಿಲ್ಲ' ಅಂತ ನೀವು ಒಂದು ಪುಟ ಭಾಷಣ ಬರೆದರೆ ಮಕ್ಕಳು ಸುಮ್ನೆ ಹಾರಿಸಿಕೊಂಡು ಹೋಗುತ್ತಾರೆ. ಸಮಾಜ ವಿಜ್ಞಾನದ ಪಾಠವನ್ನು ಕ್ಲಾಸಲ್ಲೇ ಕೇಳಿರುತ್ತಾರೆ ಪಾಪ.

ಅನುಮಾನ ಬಂದರೆ ಆ ಪ್ರೇಮದ ದೃಶ್ಯವನ್ನು ಎತ್ತಿ ಇವತ್ತಿನ ಲಾಲ್‌ಬಾಗಿನಲ್ಲಿ ಇಟ್ಟು ಓದಿ. ಒಂದು ಮಾತೂ ಬದಲಾಗದೆ ನಡೆದುಹೋದರೆ ಅದನ್ನು ಮತ್ತೆ ಬರೆಯಬೇಕು.

ತ್ರಿಕೋನ ಪ್ರೇಮ ನನಗಂತೂ ಸಾಕಾಗಿದೆ. ಎರಡನೇ ಹುಡುಗ ಬರಲೇಬೇಕಿದ್ದರೆ ಅವನು ನೀರು ಹಂಚುವ ಕಚೇರಿಗೆ ಕೆಲಸಕ್ಕೆ ಸೇರಿದವನಾಗಲಿ, 'ಒಳಗಿದ್ದೇ ಸರಿಮಾಡೋಣ' ಅನ್ನುವವನು. ಆಗ ಅವಳು ಯಾರ ಕಡೆ ವಾಲಿದರೂ ಅದು ಬರೀ ಮನಸ್ಸಿನ ಮಾತಾಗಿ ಉಳಿಯುವುದಿಲ್ಲ.

ಕೊನೆಗೆ ಇಬ್ಬರನ್ನೂ ಸೇರಿಸುವುದಾದರೆ ಸೇರಿಸಿ, ಬೇಡ ಅನ್ನಲ್ಲ. ಆದರೆ ಅವರು ಒಂದಾದ ತಕ್ಷಣ ಸರ್ಕಾರ ಉರುಳಿಬಿತ್ತು ಅಂತ ಮಾತ್ರ ಬರೆಯಬೇಡಿ. ಮರುದಿನ ಟ್ಯಾಂಕರ್ ರೇಟು ಎಷ್ಟಿತ್ತು ಅಂತ ಯಾರಾದರೂ ಕೇಳೇ ಕೇಳುತ್ತಾರೆ.